ಬಿಸಿಲ ನಾಡಿನಲ್ಲಿ ಎರಡು ದಿನ: ಬಾದಾಮಿ, ಐಹೊಳೆ, ಇಳಕಲ್ ರಸ್ತೆ ಪ್ರವಾಸಕ್ಕೊಂದು ಯೋಜನೆ

ವ್ಯಾಪಾರಸ್ಥರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ರಜೆ ಎಂಬುದು ಸುಲಭವಾಗಿ ಒದಗುವ ಸರಕಲ್ಲ. ಮಾರ್ಚ್ ತಿಂಗಳ ಲೆಕ್ಕಪತ್ರ ಮುಗಿಯುವಷ್ಟರಲ್ಲಿ ಮದುವೆಯ ಹಂಗಾಮು ಆರಂಭವಾಗುತ್ತದೆ. ಅದು ಮುಗಿಯುವ ವೇಳೆಗೆ ಮಳೆಗಾಲ ಬಾಗಿಲಿಗೆ ಬಂದಿರುತ್ತದೆ. ಮಕ್ಕಳಿಗೆ ಶಾಲೆ ಇಲ್ಲದ ಏಪ್ರಿಲ್, ಮೇ ತಿಂಗಳುಗಳಲ್ಲಿ ಕುಟುಂಬದೊಡನೆ ಎಲ್ಲಿಗಾದರೂ ಹೋಗಬೇಕೆಂಬ ಮಾತು ಮನೆಯಲ್ಲಿ ಎದ್ದಾಗ, ಹೆಚ್ಚಿನವರ ಲಕ್ಷ್ಯ ಘಟ್ಟದ ತಂಪಿನ ಕಡೆಗೆ ಅಥವಾ ಕರಾವಳಿಯ ಕಡೆಗೆ ಹರಿಯುತ್ತದೆ. ಉತ್ತರ ಕರ್ನಾಟಕದ ಬಯಲು ಸೀಮೆಯನ್ನು ಬೇಸಿಗೆಯಲ್ಲಿ ನೋಡಲು ಹೊರಡುವವರು ಕಡಿಮೆ. ಬಾಗಲಕೋಟೆ ಜಿಲ್ಲೆಯಲ್ಲಿ ಈ ಕಾಲಕ್ಕೆ ತಾಪಮಾನ 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುವುದೇ ಇದಕ್ಕೆ ಕಾರಣ.

ಆದರೆ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಂಡೇ ಯೋಜನೆ ರೂಪಿಸಿದಲ್ಲಿ ಈ ಪ್ರದೇಶದ ಎರಡು ದಿನಗಳ ಪ್ರವಾಸ ಸುಸೂತ್ರವಾಗಿ ನೆರವೇರುತ್ತದೆ. ಅಷ್ಟೇ ಅಲ್ಲ, ವ್ಯಾಪಾರದ ಕಣ್ಣುಳ್ಳವರಿಗೆ ಇಲ್ಲಿ ನೋಡಬೇಕಾದುದು ಗುಡಿ ಗೋಪುರಗಳಿಗಿಂತ ಹೆಚ್ಚಿನದಿದೆ. ನವಲಗುಂದದ ಜಮಖಾನ, ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ ಮತ್ತು ಗ್ರಾನೈಟ್, ಅಮೀನಗಡದ ಕರದಂಟು: ಇವೆಲ್ಲ ಒಂದೇ ಸುತ್ತಿನ ದಾರಿಯಲ್ಲಿ ಸಿಗುತ್ತವೆ. ಬೇಸಿಗೆಯಲ್ಲಿ ಪ್ರವಾಸಿಗರು ವಿರಳವಾಗುವುದರಿಂದ ಈ ಊರುಗಳ ಅಂಗಡಿಕಾರರಿಗೂ ವಸತಿಗೃಹಗಳಿಗೂ ಆಗ ಬರುವ ಒಂದೊಂದು ಕುಟುಂಬವೂ ಬೆಲೆಯುಳ್ಳದ್ದು.

ಯೋಜನೆಯ ಮೂಲ ಸೂತ್ರ

ಈ ಭಾಗಕ್ಕೆ ಬರುವ ಬಹುತೇಕ ವಾಹನಗಳು ಒಂದೇ ಹಗಲಿನಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಮುಗಿಸಿ ಮರಳುವ ಆತುರದಲ್ಲಿರುತ್ತವೆ. ಪರಿಣಾಮವಾಗಿ ನಡು ಮಧ್ಯಾಹ್ನದ ಉರಿಯಲ್ಲಿ ಜನರು ಕಾದ ಕಲ್ಲಿನ ಮೇಲೆ ಅಲೆದು ಬಸವಳಿಯುತ್ತಾರೆ. ನೇಕಾರರ ಓಣಿಗಳಿಗೆ, ಸ್ಥಳೀಯ ಪೇಟೆಗಳಿಗೆ ಕಾಲಿಡುವುದೇ ಇಲ್ಲ. ಅವರು ಖರ್ಚು ಮಾಡುವ ಹಣ ಇಂಧನಕ್ಕೂ ಹೆದ್ದಾರಿಯ ಹೋಟೆಲಿಗೂ ಹೋಗಿಬಿಡುತ್ತದೆ.

ಇದಕ್ಕೆ ಪರಿಹಾರ ಸರಳವಾಗಿದೆ. ಬೆಳಗಿನ 6ರಿಂದ 10 ಗಂಟೆ ಹಾಗೂ ಸಂಜೆ 5ರ ನಂತರದ ಸಮಯವನ್ನು ಕಲ್ಲಿನ ತಾಣಗಳಿಗೆ ಮೀಸಲಿಡುವುದು. ನಡುವಿನ ತಾಸುಗಳನ್ನು ನೆರಳಿರುವ ಮಗ್ಗದ ಮನೆಗಳಿಗೆ, ಸೀರೆ ಅಂಗಡಿಗಳಿಗೆ, ಊಟಕ್ಕೆ ಮತ್ತು ವಿಶ್ರಾಂತಿಗೆ ಕೊಡುವುದು. ಹೀಗೆ ಮಾಡಿದಾಗ ಕುಟುಂಬದ ಆರೋಗ್ಯ ಉಳಿಯುತ್ತದೆ, ಪ್ರವಾಸದ ಹಣದ ಒಂದು ಪಾಲು ಆ ಊರುಗಳಲ್ಲಿಯೇ ನಿಲ್ಲುತ್ತದೆ.

ಹೊರಡುವ ಮುನ್ನ

ಹುಬ್ಬಳ್ಳಿಯಿಂದ ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಮಾರ್ಗವಾಗಿ ಬಾದಾಮಿಗೆ ಸುಮಾರು 105 ಕಿ.ಮೀ. ಅಲ್ಲಿಂದ ಮುಂದಿನ ಸುತ್ತಾಟವನ್ನೂ, ಇಳಕಲ್ಲಿನಿಂದ ಗಜೇಂದ್ರಗಡ, ಗದಗ ಮೂಲಕ ಹುಬ್ಬಳ್ಳಿಗೆ ಮರಳುವ ದಾರಿಯನ್ನೂ ಸೇರಿಸಿದರೆ ಒಟ್ಟು ಪ್ರಯಾಣ ಸರಿಸುಮಾರು 400 ಕಿ.ಮೀ. ಆಗುತ್ತದೆ. ಲೀಟರಿಗೆ 15 ಕಿ.ಮೀ. ಓಡುವ ಕಾರಿಗೆ 27 ಲೀಟರ್ ಇಂಧನ ಸಾಕು. ಬೆಂಗಳೂರು, ಮೈಸೂರು ಕಡೆಯವರು ಎರಡೇ ದಿನಗಳಲ್ಲಿ ಕಾರಿನಲ್ಲಿ ಬಂದು ಹೋಗುವ ಸಾಹಸ ಮಾಡದಿರುವುದು ಒಳ್ಳೆಯದು. ಗೋಲಗುಂಬಜ್ ಎಕ್ಸ್‌ಪ್ರೆಸ್ ರೈಲಿನಲ್ಲಿ ರಾತ್ರಿ ಪ್ರಯಾಣ ಮಾಡಿ ಬಾದಾಮಿಯಲ್ಲಿ ಇಳಿದು, ಅಲ್ಲಿಯೇ ಬಾಡಿಗೆ ವಾಹನ ಮಾಡಿಕೊಳ್ಳಬಹುದು. ಬಾಡಿಗೆಯ ಆ ಹಣವೂ ಸ್ಥಳೀಯ ಚಾಲಕನಿಗೇ ಸಲ್ಲುತ್ತದೆ.

ಬೇಸಿಗೆಯ ರಸ್ತೆಯಲ್ಲಿ ವಾಹನಕ್ಕೆ ತೊಂದರೆ ಬರುವುದು ಮುಖ್ಯವಾಗಿ ಎರಡು ಕಡೆ: ಟೈರ್ ಮತ್ತು ಕೂಲಂಟ್. ಟೈರಿನ ಗಾಳಿಯನ್ನು ಬೆಳಿಗ್ಗೆ ಗಾಡಿ ತಂಪಾಗಿರುವಾಗಲೇ ಪರೀಕ್ಷಿಸಬೇಕು. ಓಡಿ ಬಿಸಿಯಾದ ಟೈರಿನ ಅಳತೆ ಹೆಚ್ಚು ತೋರಿಸುವುದರಿಂದ, ಅದನ್ನು ನಂಬಿ ಗಾಳಿ ಬಿಡುವುದು ತಪ್ಪು. ಸ್ಟೆಪ್ನಿಯ ಗಾಳಿಯನ್ನು ನೋಡಿಸಲು ಮರೆಯಬಾರದು. ಇಂಜಿನ್ ಕಾದಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಬಾರದು. ತಲೆಗೆ ಕನಿಷ್ಠ ಮೂರು ಲೀಟರಿನಂತೆ ಕುಡಿಯುವ ನೀರು, ಓ.ಆರ್.ಎಸ್. ಪೊಟ್ಟಣ, ಟೋಪಿ ಅಥವಾ ತಲೆಗೆ ಸುತ್ತುವ ವಸ್ತ್ರ, ದಪ್ಪ ಅಟ್ಟೆಯ ಪಾದರಕ್ಷೆ ಇವು ಜೊತೆಗಿರಬೇಕು. ಪೂಜೆ ನಡೆಯುವ ಗುಡಿಗಳಲ್ಲಿ ಪಾದರಕ್ಷೆ ಹೊರಗೆ ಬಿಟ್ಟು ಬಿಸಿ ಹಾಸುಗಲ್ಲಿನ ಮೇಲೆ ನಡೆಯಬೇಕಾಗುವುದರಿಂದ ಒಂದು ಜೊತೆ ದಪ್ಪ ಕಾಲುಚೀಲ ಇಟ್ಟುಕೊಂಡವರಿಗೆ ಅನುಕೂಲ.

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಗಾಳಿಯೊಡನೆ ಅಡ್ಡಮಳೆ ಬರುವುದುಂಟು. ಆಗ ಗಿಡದ ಕೆಳಗೆ ವಾಹನ ನಿಲ್ಲಿಸುವುದು ಅಪಾಯಕರ. ಹಳ್ಳಿಗಳ ನಡುವಿನ ಕಿರಿದಾದ ರಸ್ತೆಗಳಲ್ಲಿ ಎತ್ತಿನ ಬಂಡಿ, ಕುರಿ ಹಿಂಡು, ದೀಪವಿಲ್ಲದ ಟ್ರ್ಯಾಕ್ಟರ್ ಎದುರಾಗುವುದು ಸಾಮಾನ್ಯವಾದ್ದರಿಂದ ಒಳರಸ್ತೆಗಳ ಪ್ರಯಾಣವನ್ನು ಕತ್ತಲೆಗೆ ಮುಂಚೆ ಮುಗಿಸಬೇಕು.

ವಸತಿಯ ವಿಷಯದಲ್ಲಿ ಒಂದು ಲೆಕ್ಕ ಗಮನಾರ್ಹ. 2025ರ ಸೆಪ್ಟೆಂಬರ್ 22ರಿಂದ ದಿನವೊಂದಕ್ಕೆ 7,500 ರೂ.ವರೆಗಿನ ಕೊಠಡಿ ಬಾಡಿಗೆಯ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಆದರೆ ಹೂಡುವಳಿ ತೆರಿಗೆ ಜಮೆಯ ಸೌಲಭ್ಯವಿಲ್ಲದೆ ಈ ದರ ಅನ್ವಯವಾಗುತ್ತದೆ.

ಮೊದಲನೆಯ ದಿನ: ಬಾದಾಮಿ ಮತ್ತು ಗುಳೇದಗುಡ್ಡ

ಶುಕ್ರವಾರ ಸಂಜೆ ಅಂಗಡಿ ಮುಚ್ಚಿ ಹೊರಟು ಬಾದಾಮಿಯಲ್ಲಿ ರಾತ್ರಿ ತಂಗುವುದು ಅತ್ಯುತ್ತಮ. ಅದು ಸಾಧ್ಯವಾಗದಿದ್ದಲ್ಲಿ ಶನಿವಾರ ನಸುಕಿನ ನಾಲ್ಕೂವರೆ ಗಂಟೆಗೆ ಹುಬ್ಬಳ್ಳಿ ಬಿಡಬೇಕು. ದಾರಿಯಲ್ಲಿ ಸಿಗುವ ನವಲಗುಂದ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಜಮಖಾನಗಳ ಊರು. ಲಂಬವಾಗಿ ನಿಲ್ಲಿಸಿದ ಮಗ್ಗದ ಮೇಲೆ ಮಹಿಳೆಯರೇ ಇದನ್ನು ನೇಯುತ್ತಾರೆ. ನಸುಕಿನಲ್ಲಿ ಹಾದುಹೋಗುವವರಿಗೆ ನೋಡುವ ಅವಕಾಶವಿಲ್ಲ. ಶುಕ್ರವಾರ ಮಧ್ಯಾಹ್ನವೇ ಹೊರಡುವವರು ಒಂದು ತಾಸನ್ನು ಇಲ್ಲಿಗೆ ಕೊಡಬಹುದು.

ಬಾದಾಮಿಯ ನಾಲ್ಕು ಗುಹಾಲಯಗಳಿಗೆ ಬೆಳಗಿನ ಹೊತ್ತೇ ತಕ್ಕದ್ದು. ಮೊದಲನೆಯದು ಶೈವ, ಎರಡು ಮತ್ತು ಮೂರನೆಯವು ವೈಷ್ಣವ, ನಾಲ್ಕನೆಯದು ಜೈನ ಗುಹೆ. ಇವುಗಳಲ್ಲಿ ದೊಡ್ಡದಾದ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಲೇಶನ ಕ್ರಿ.ಶ. 578ರ ಶಾಸನವಿದೆ. ಮೆಟ್ಟಿಲುಗಳ ಬಳಿ ಕೋತಿಗಳ ಕಾಟ ಹೆಚ್ಚು. ತಿಂಡಿಯ ಚೀಲ, ನೀರಿನ ಬಾಟಲಿ ಕೈಯಲ್ಲಿ ಹಿಡಿದು ಹತ್ತಬಾರದು. ಅಗಸ್ತ್ಯತೀರ್ಥದ ಅಂಚಿನ ಭೂತನಾಥ ಗುಡಿಗಳನ್ನು ಸಂಜೆಗೆ ಉಳಿಸಿಕೊಂಡರೆ ಕೆಂಪು ಬಂಡೆಗಳ ಮೇಲೆ ಇಳಿಬಿಸಿಲು ಬೀಳುವ ನೋಟ ದೊರೆಯುತ್ತದೆ.

ಹತ್ತೂವರೆಯ ಹೊತ್ತಿಗೆ ಐದು ಕಿ.ಮೀ. ದೂರದ ಬನಶಂಕರಿಗೆ ಹೋಗುವುದು. ದೇವಿಯ ದರ್ಶನದ ನಂತರ ಆವರಣದಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತಿರುವ ಹೆಣ್ಣುಮಕ್ಕಳಿಂದ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಡಿಗೆಯ ಮೊಸರು ಕೊಂಡು ನೆರಳಿನಲ್ಲಿ ಊಟ ಮಾಡಬಹುದು. ಮನೆಯಲ್ಲಿ ಸಿದ್ಧಪಡಿಸಿ ತಂದು, ಯಾವ ಅಂಗಡಿಯ ಬಾಡಿಗೆಯೂ ಇಲ್ಲದೆ, ದಿನದ ಸರಕನ್ನು ದಿನವೇ ಖಾಲಿ ಮಾಡುವ ಈ ವಹಿವಾಟು ಸಣ್ಣ ವ್ಯಾಪಾರದ ಒಳ್ಳೆಯ ಮಾದರಿ. ಇಲ್ಲಿ ಚಿಲ್ಲರೆ ಹಣ ಕೈಯಲ್ಲಿರುವುದು ಲೇಸು.

ವಿಶ್ರಾಂತಿಯ ಬಳಿಕ ಎರಡು ಗಂಟೆಗೆ ಗುಳೇದಗುಡ್ಡದ ದಾರಿ ಹಿಡಿಯಬಹುದು. ಮುಕ್ಕಾಲು ತಾಸಿನೊಳಗೆ ತಲುಪುವ ಈ ಊರು ಖಣಕ್ಕೆ ಹೆಸರಾಗಿದೆ. ಕುಪ್ಪಸಕ್ಕೆಂದೇ ನೇಯುವ, ಸಣ್ಣ ಸಣ್ಣ ಬುಟ್ಟಿಗಳಿಂದ ತುಂಬಿದ ಈ ಬಟ್ಟೆಗೆ ಉತ್ತರ ಕರ್ನಾಟಕದಷ್ಟೇ ಮಹಾರಾಷ್ಟ್ರದಲ್ಲಿಯೂ ಗಿರಾಕಿಗಳಿದ್ದಾರೆ. ಉಡುಗೆಯ ರೂಢಿ ಬದಲಾಗಿ ಕುಪ್ಪಸದ ಬೇಡಿಕೆ ಕುಗ್ಗಿದಾಗ ಗುಳೇದಗುಡ್ಡದ ಅನೇಕ ಮಗ್ಗಗಳು ನಿಂತವು. ಈಚಿನ ವರ್ಷಗಳಲ್ಲಿ ಅದೇ ಖಣದಿಂದ ಸೀರೆ, ಮಕ್ಕಳ ಉಡುಪು, ಕೈಚೀಲ, ಕಡತದ ಹೊದಿಕೆ, ಅಲಂಕಾರ ವಸ್ತುಗಳು ಸಿದ್ಧವಾಗತೊಡಗಿ ಹೊಸ ಮಾರುಕಟ್ಟೆಯೊಂದು ತೆರೆದಿದೆ. ಸಿದ್ಧ ಉಡುಪು ತಯಾರಕರಿಗೂ ಕಾಣಿಕೆ ವಸ್ತುಗಳ ವ್ಯಾಪಾರಿಗಳಿಗೂ ಇಲ್ಲಿಯ ಒಂದೆರಡು ತಾಸು ವ್ಯರ್ಥವಾಗದು. ವಾರದ ಸಂತೆಯ ದಿನ, ಮಗ್ಗಗಳ ರಜೆಯ ದಿನ ಯಾವುದೆಂಬುದನ್ನು ಹೊರಡುವ ಮೊದಲೇ ಪರಿಚಯದ ಅಂಗಡಿಯವರಿಂದ ದೂರವಾಣಿಯ ಮೂಲಕ ತಿಳಿದುಕೊಳ್ಳಬೇಕು. ಐದೂವರೆಗೆ ಬಾದಾಮಿಗೆ ಮರಳಿದರೆ ಭೂತನಾಥ ಗುಡಿಗಳ ಸಂಜೆ ಕೈತಪ್ಪುವುದಿಲ್ಲ.

ಎರಡನೆಯ ದಿನ: ಪಟ್ಟದಕಲ್ಲಿನಿಂದ ಐಹೊಳೆಗೆ

ಭಾನುವಾರ ಬೆಳಿಗ್ಗೆ ಐದೂವರೆಗೆ ಕೊಠಡಿ ಖಾಲಿ ಮಾಡಿದರೆ 22 ಕಿ.ಮೀ. ದೂರದ ಪಟ್ಟದಕಲ್ಲನ್ನು ಸೂರ್ಯೋದಯದ ಹೊತ್ತಿಗೆ ತಲುಪಬಹುದು. 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಗುಡಿಗಳ ಸಮೂಹ ಮಲಪ್ರಭೆಯ ದಡದಲ್ಲಿದೆ. ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಕಾರ್ಖಾನೆ ನಡೆಸುವವರು ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಗುಡಿಯನ್ನು ಕಟ್ಟಿದ ಸೂತ್ರಧಾರಿ ಅನಿವಾರಿತಾಚಾರಿ ಎಂಬ ಬಿರುದಿನ ಗುಂಡನೆಂಬುದನ್ನೂ, ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದಿತೆಂಬುದನ್ನೂ ಶಾಸನ ದಾಖಲಿಸಿದೆ. ಕೆಲಸ ಮಾಡಿಸಿದವರ ಜೊತೆಗೆ ಕೆಲಸ ಮಾಡಿದವನ ಹೆಸರೂ ಕಲ್ಲಿನಲ್ಲಿ ಉಳಿದಿದೆ.

ಎಂಟೂವರೆಗೆ ಅಲ್ಲಿಂದ ಹೊರಟರೆ 14 ಕಿ.ಮೀ. ಮುಂದೆ ಐಹೊಳೆ. ವಾಣಿಜ್ಯ ಸಂಸ್ಥೆಯ ಸದಸ್ಯರಿಗೆ ಇದು ತೀರ್ಥಕ್ಷೇತ್ರವೆಂದೇ ಹೇಳಬಹುದು. ಇಲ್ಲಿಯ ಮೇಗುತಿ ಗುಡಿಯ ಗೋಡೆಯಲ್ಲಿ ಕವಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯನ್ನು ಕೊಂಡಾಡಿದ ಕ್ರಿ.ಶ. 634ರ ಶಾಸನವಿದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಐಹೊಳೆಯ ಹೆಸರನ್ನು ಸಮುದ್ರದಾಚೆಗೆ ಕೊಂಡೊಯ್ದವರು ವರ್ತಕರು. ಇಲ್ಲಿಯ ಪ್ರಾಚೀನ ಹೆಸರು ಅಯ್ಯಾವೊಳೆ. ಈ ಹೆಸರಿನಿಂದಲೇ ಪ್ರಸಿದ್ಧವಾದ ‘ಅಯ್ಯಾವೊಳೆ ಐನೂರ್ವರು’ ಮಧ್ಯಯುಗದ ದಕ್ಷಿಣ ಭಾರತದ ಅತಿ ದೊಡ್ಡ ವರ್ತಕ ಸಂಘವಾಗಿತ್ತು. ಕರ್ನಾಟಕ, ಆಂಧ್ರ, ತಮಿಳುನಾಡು, ಶ್ರೀಲಂಕಾಗಳಲ್ಲಿ ಈ ಸಂಘದ ಶಾಸನಗಳು ದೊರೆತಿವೆ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಬರೂಸ್ ಬಳಿ ಸಿಕ್ಕ 1088ರ ತಮಿಳು ಶಾಸನವೂ ಇವರದೇ. ಕುದುರೆ, ಆನೆ, ರತ್ನ, ಬಟ್ಟೆ, ಸಾಂಬಾರ ಪದಾರ್ಥಗಳನ್ನು ಎತ್ತು ಕತ್ತೆಗಳ ಮೇಲೂ ಹಡಗುಗಳಲ್ಲಿಯೂ ಸಾಗಿಸುತ್ತಿದ್ದ ಈ ವರ್ತಕರು ತಮ್ಮ ನಡವಳಿಕೆಯ ಕಟ್ಟಳೆಯನ್ನು ‘ವೀರಬಣಂಜು ಧರ್ಮ’ವೆಂದು ಕರೆದುಕೊಂಡರು. ತಮ್ಮ ಸರಕಿನ ಮೇಲೆ ತಾವೇ ಸುಂಕ ವಿಧಿಸಿಕೊಂಡು ಗುಡಿ, ಕೆರೆಗಳಿಗೆ ದತ್ತಿ ಬಿಟ್ಟರು. ಇಂದಿನ ವಾಣಿಜ್ಯ ಸಂಘಗಳು ಸದಸ್ಯತ್ವ ಶುಲ್ಕ, ನಿಯಮಾವಳಿ, ಸಾಮಾಜಿಕ ನಿಧಿಗಳೆಂದು ಕರೆಯುವುದರ ಹಳೆಯ ರೂಪ ಇದರಲ್ಲಿ ಕಾಣುತ್ತದೆ.

ದುರ್ಗ ಗುಡಿ ಮತ್ತು ಲಾಡಖಾನ್ ಗುಡಿ ಒಂದೇ ಆವರಣದಲ್ಲಿದ್ದು ನಡೆದಾಟ ಕಡಿಮೆ. ಕೋಟೆ ಎಂಬ ಅರ್ಥದ ದುರ್ಗದಿಂದ ಮೊದಲನೆಯದಕ್ಕೆ ಹೆಸರು ಬಂದಿದೆ. ದುರ್ಗಾದೇವಿಗೂ ಅದಕ್ಕೂ ಸಂಬಂಧವಿಲ್ಲ. ಮೇಗುತಿಯ ಗುಡ್ಡ ಹತ್ತುವವರು ಮೊದಲು ಅದನ್ನು ಮುಗಿಸಿ ನಂತರ ಕೆಳಗಿನ ಗುಡಿಗಳಿಗೆ ಬರುವುದು ಉಚಿತ.

ಕರದಂಟು ಮತ್ತು ಕೊಂಡಿ

ಹತ್ತೂವರೆಗೆ ಐಹೊಳೆ ಬಿಟ್ಟರೆ ಅಮೀನಗಡ, ಹುನಗುಂದಗಳ ಮೂಲಕ ಒಂದು ತಾಸಿನ ಆಸುಪಾಸಿನಲ್ಲಿ ಇಳಕಲ್ ತಲುಪಬಹುದು. ಅಮೀನಗಡದಲ್ಲಿ ವಾಹನ ನಿಲ್ಲಿಸದೆ ಹೋಗುವವರು ವಿರಳ. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿಗಳಿಂದ ಮಾಡುವ ಕರದಂಟು ಇಲ್ಲಿಯ ಮನೆತನಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದ ಉದ್ಯಮ. ನೀರಿನಂಶ ಕಡಿಮೆಯಿರುವುದರಿಂದ ಬೇಸಿಗೆಯ ಪ್ರಯಾಣದಲ್ಲಿಯೂ ಬೇಗ ಕೆಡದು. ಆದರೆ ಕಾರಿನ ಡಿಕ್ಕಿಯ ಬಿಸಿಗೆ ಬೆಲ್ಲ ಮೆತ್ತಗಾಗುವುದರಿಂದ ಒಳಗೆ, ಕಾಲಿನ ಬಳಿ ಇಟ್ಟುಕೊಳ್ಳಬೇಕು. ಕೊಳ್ಳುವಾಗ ಪೊಟ್ಟಣದ ಮೇಲಿನ ತಯಾರಿಕೆಯ ದಿನಾಂಕ ನೋಡುವುದು ಅಗತ್ಯ.

ಇಳಕಲ್ಲಿನ ಕೆಂಪು ಗ್ರಾನೈಟ್ ಹೊರದೇಶಗಳಿಗೆ ಹೋಗುವ ಸರಕು. ಊರಿನ ಹೆಸರು ಮನೆಮಾತಾಗಿರುವುದು ಮಾತ್ರ ಸೀರೆಯಿಂದ. ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ ಅಥವಾ ಕೃತಕ ರೇಷ್ಮೆ; ಕೆಂಪು ಸೆರಗಿನ ಮೇಲೆ ಬಿಳಿಯ ಪಟ್ಟಿಗಳ ‘ಟೋಪ್ ತೆನಿ’ ವಿನ್ಯಾಸ. ಪೂರ್ಣ ರೇಷ್ಮೆಯ ಸೀರೆಗಳೂ ಇವೆ. ಒಡಲಿನ ಹಾಸೆಳೆಗಳಿಗೆ ಸೆರಗಿನ ಹಾಸೆಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುವ ‘ಕೊಂಡಿ’ ಪದ್ಧತಿ ಇದರ ವಿಶೇಷ. ಇದರಿಂದಾಗಿ ಪ್ರತಿ ಸೀರೆಗೂ ಬೇರೆಯೇ ಹಾಸು ಸಿದ್ಧಪಡಿಸಬೇಕಾಗುತ್ತದೆ. ಉದ್ದವಾದ ಒಂದೇ ಹಾಸಿನಲ್ಲಿ ಹತ್ತಾರು ಸೀರೆ ನೇಯ್ದು ಕತ್ತರಿಸುವ ಅನುಕೂಲ ಇಲ್ಲಿಲ್ಲ. ಕೈಮಗ್ಗದ ಸೀರೆಯ ಬೆಲೆ ಯಾಕೆ ಹೆಚ್ಚೆಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ.

ಕುಣಿಮಗ್ಗದ ಮನೆಯೊಂದನ್ನು ಮಧ್ಯಾಹ್ನ ನೋಡಿದವರಿಗೆ ಬೇಸಿಗೆಯ ಇನ್ನೊಂದು ಮುಖವೂ ತಿಳಿಯುತ್ತದೆ. ಗಾಳಿ ಒಣಗಿದಷ್ಟೂ ಹತ್ತಿಯ ಎಳೆ ಬಿರುಸಾಗಿ ಬೇಗ ಹರಿಯುತ್ತದೆ. ನೆಲದ ಮಟ್ಟಕ್ಕೆ ಸಮೀಪವಾಗಿ ಹಾಸು ಇರುವ ಕುಣಿಮಗ್ಗದಲ್ಲಿ ನೆಲದ ತಂಪು ಎಳೆಗೆ ಸ್ವಲ್ಪ ನೆರವಾಗುತ್ತದೆ. ಮದುವೆಯ ಹಂಗಾಮಿನ ಬೇಡಿಕೆ ಏರುವ ದಿನಗಳಲ್ಲಿಯೇ ಎಳೆ ಹರಿದು ಕೆಲಸ ನಿಧಾನವಾಗುವುದು ನೇಕಾರರ ಪಾಲಿನ ಕಷ್ಟ.

ಇಳಕಲ್ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. ಹಾಗಿದ್ದರೂ ಅದೇ ಹೆಸರಿನಲ್ಲಿ ವಿದ್ಯುತ್ ಮಗ್ಗದ ಸೀರೆಗಳು ಪೇಟೆಯಲ್ಲಿ ಬಿಕರಿಯಾಗುತ್ತವೆ. ಕೊಳ್ಳುವವರು ಸೀರೆಯನ್ನು ತಿರುವಿ, ಒಡಲು ಮತ್ತು ಸೆರಗು ಕೂಡುವಲ್ಲಿ ಕೊಂಡಿಯ ಕುಣಿಕೆಗಳ ಸಾಲು ಕಾಣುವುದೇ ಎಂದು ನೋಡಬೇಕು. ಕೈಮಗ್ಗದ ಗುರುತಿನ ಚೀಟಿಯನ್ನು ಕೇಳಬೇಕು. ವಿದ್ಯುತ್ ಮಗ್ಗದ ಸೀರೆ ಕೊಳ್ಳುವುದು ತಪ್ಪೇನೂ ಅಲ್ಲ, ಅದಕ್ಕೆ ಕೈಮಗ್ಗದ ಬೆಲೆ ಕೊಡುವುದು ಮಾತ್ರ ನಷ್ಟ. ದೇಶದಾದ್ಯಂತ ಕೈಮಗ್ಗದ ನೇಕಾರರು ಮತ್ತು ಸಹಾಯಕ ಕೆಲಸಗಾರರ ಸಂಖ್ಯೆ 2009-10ರ ಗಣತಿಯಲ್ಲಿ 43.31 ಲಕ್ಷವಿದ್ದದ್ದು 2019-20ರ ಗಣತಿಯಲ್ಲಿ 35.22 ಲಕ್ಷಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಎಂಟು ಲಕ್ಷ ಕೈಗಳು ಮಗ್ಗ ಬಿಟ್ಟವೆಂದಾಯಿತು. ಈ ಅಂಕಿಯ ಹಿನ್ನೆಲೆಯಲ್ಲಿ ಅಸಲಿಯನ್ನು ಗುರುತಿಸಿ ಕೊಳ್ಳುವ ಗಿರಾಕಿ ಇಳಕಲ್ಲಿಗೆ ದೊಡ್ಡ ಆಸರೆ.

ವ್ಯಾಪಾರಕ್ಕಾಗಿ ಸರಕು ಕೊಳ್ಳುವವರಿಗೆ ಕೆಲವು ಸೂಚನೆಗಳಿವೆ. ಅನೇಕ ನೇಕಾರರು ಮಾಲೀಕರಿಂದ ನೂಲು ಪಡೆದು ಸೀರೆಗಿಷ್ಟೆಂದು ಕೂಲಿಗೆ ನೇಯುವವರು. ಅವರ ಮಗ್ಗದ ಮೇಲಿರುವ ಸೀರೆ ಅವರ ಸ್ವತ್ತಲ್ಲ. ಆದ್ದರಿಂದ ಮನೆಯಲ್ಲಿ ನೋಡಿ, ಮಾಲೀಕ ನೇಕಾರರೊಡನೆ ಅಥವಾ ಸಹಕಾರ ಸಂಘದೊಡನೆ ವ್ಯವಹಾರ ಕುದುರಿಸಬೇಕು. ಮೊದಲ ಭೇಟಿಯಲ್ಲಿ ಸಣ್ಣ ಪ್ರಮಾಣದ ಬೇಡಿಕೆ ಕೊಟ್ಟು, ಬಣ್ಣ, ಅಂಚು, ಉದ್ದಗಳನ್ನು ಬರವಣಿಗೆಯಲ್ಲಿ ನಮೂದಿಸಿ, ಮುಂಗಡ ಸಲ್ಲಿಸುವುದು ಕ್ರಮ. ಉದ್ದರಿಯ ಅವಧಿ ಎಳೆದಷ್ಟೂ ನೂಲು ಕೊಳ್ಳಲು ಮಾಲೀಕನ ಬಳಿ ಹಣವಿಲ್ಲದೆ ಮಗ್ಗ ಖಾಲಿ ನಿಲ್ಲುತ್ತದೆ ಎಂಬುದನ್ನು ಮರೆಯಬಾರದು. ಕಾರಿನಲ್ಲಿಯೇ ಸರಕು ಒಯ್ಯುವುದಾದಲ್ಲಿ ತೆರಿಗೆ ಬಿಲ್ ಜೊತೆಗಿರಲಿ. ಮೌಲ್ಯ 50,000 ರೂ. ಮೀರಿದರೆ ಇ-ವೇ ಬಿಲ್ ವಿಷಯವನ್ನು ಲೆಕ್ಕಪರಿಶೋಧಕರೊಡನೆ ಮೊದಲೇ ವಿಚಾರಿಸಿಕೊಂಡಿರುವುದು ಕ್ಷೇಮ.

ಮರಳುವ ದಾರಿ

ಮೂರೂವರೆಗೆ ಇಳಕಲ್ ಬಿಟ್ಟರೆ ಗಜೇಂದ್ರಗಡ, ಗದಗ ಮಾರ್ಗವಾಗಿ ಸುಮಾರು 150 ಕಿ.ಮೀ. ಕ್ರಮಿಸಿ ಕತ್ತಲಾಗುವ ಹೊತ್ತಿಗೆ ಹುಬ್ಬಳ್ಳಿ ಸಮೀಪಿಸಬಹುದು. ಗಜೇಂದ್ರಗಡವೂ ಗದಗಕ್ಕೆ ಹೊಂದಿಕೊಂಡ ಬೆಟಗೇರಿಯೂ ನೇಕಾರಿಕೆಯ ಊರುಗಳೇ. ಗದಗ ತಾಲ್ಲೂಕಿನ ಕಣಗಿನಹಾಳ, 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಸಹಕಾರ ಸಂಘ ಸ್ಥಾಪನೆಯಾದ ಗ್ರಾಮವೆಂದು ಪ್ರಸಿದ್ಧ. ಹೀಗೆ ವರ್ತಕ ಸಂಘದ ಊರಿನಿಂದ ಹೊರಟ ದಿನ ಸಹಕಾರದ ತವರಿನ ಸೀಮೆಯನ್ನು ದಾಟಿ ಮುಗಿಯುತ್ತದೆ.

ಸೋಮವಾರವೂ ಬಿಡುವಿರುವವರು ಹುನಗುಂದದ ಕಡೆಗೆ ತಿರುಗಿ ಕೃಷ್ಣೆ ಮಲಪ್ರಭೆಯರ ಸಂಗಮವಾದ, ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮದಲ್ಲಿ ತಂಗಬಹುದು. ಮರುದಿನ ಆಲಮಟ್ಟಿ ಅಣೆಕಟ್ಟನ್ನು ನೋಡಿ ಬಾಗಲಕೋಟೆಯ ಮೂಲಕ ಮರಳಲು ಸಾಧ್ಯ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಈ ಜಲಾಶಯಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಹಳೆಯ ಬಾಗಲಕೋಟೆಯ ಪೇಟೆಯ ದೊಡ್ಡ ಭಾಗವನ್ನು ಇದರ ಹಿನ್ನೀರಿಗೆ ಬಿಟ್ಟುಕೊಟ್ಟು ನವನಗರದಲ್ಲಿ ಅಂಗಡಿ ಕಟ್ಟಿಕೊಂಡ ವರ್ತಕರ ಅನುಭವ ಪ್ರತ್ಯೇಕವಾಗಿ ಕೇಳತಕ್ಕದ್ದು.

ನಾಲ್ಕಾರು ಕುಟುಂಬಗಳು ಒಟ್ಟಾಗಿ ಹೊರಟರೆ ಮಗ್ಗದ ಮನೆಗಳಲ್ಲಿ ವಿವರಣೆ ಪಡೆಯುವುದೂ, ಸರಕಿಗೆ ಒಟ್ಟು ಬೇಡಿಕೆ ಕೊಡುವುದೂ ಸುಲಭ. ಜವಳಿ, ಕಿರಾಣಿ, ಗೃಹಾಲಂಕಾರ, ಕಲ್ಲು ಮುಂತಾದ ಬೇರೆ ಬೇರೆ ವ್ಯಾಪಾರದವರು ಜೊತೆಗಿದ್ದಲ್ಲಿ ಒಂದೇ ಊರನ್ನು ನಾಲ್ಕು ಕಣ್ಣುಗಳಿಂದ ನೋಡಿದಂತಾಗುತ್ತದೆ. ಆದರೆ ಗುಂಪಿನಲ್ಲಿ ಎಷ್ಟೇ ವಾಹನಗಳಿರಲಿ, ಬೆಳಗಿನ ಐದೂವರೆಗೆ ಹೊರಡುವ ನಿಯಮವನ್ನು ಯಾರೂ ಸಡಿಲಿಸಬಾರದು. ಬೇಸಿಗೆಯಲ್ಲಿ ಈ ಸೀಮೆಯ ಪ್ರವಾಸ ಸುಖಕರವಾಗುವುದೂ ಪ್ರಯಾಸಕರವಾಗುವುದೂ ಆ ಒಂದು ತಾಸಿನ ಮೇಲೆ ನಿಂತಿದೆ.